ಮೂರನೇ ವೈರು

ಆ ಮನೆಯಲ್ಲಿ ಯಾವುದೂ ಖಾಲಿಯಾಗುತ್ತಿರಲಿಲ್ಲ. ಚಹಾಪುಡಿ ಡಬ್ಬಿಯ ತಳ ಹೇಗಿದೆಯೆಂದು ಸೊಸೆ ಕಂಡವಳಲ್ಲ. ಬೆಂಕಿಪೊಟ್ಟಣದಲ್ಲಿ ಕಡ್ಡಿ ಮುಗಿಯುವ ಮೊದಲೇ ಪಕ್ಕದಲ್ಲಿ ಹೊಸದೊಂದು ಬಂದು ಕೂತಿರುತ್ತಿತ್ತು. ಅವಳ ಹೊಲಿಗೆ ಯಂತ್ರದ ಬಾಬಿನ್ನುಗಳು ಸಂಜೆ ಬರಿದಾದರೆ ಬೆಳಿಗ್ಗೆ ತುಂಬಿರುತ್ತಿದ್ದವು. ಇದೆಲ್ಲ ಮಾವನ ಕೆಲಸ. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ಮಂಡಿ ಸವೆಸಿಕೊಂಡು ಮನೆಯಲ್ಲಿ ಕೂತ ಮನುಷ್ಯ. ಸುಮ್ಮನೆ ಕೂತರೆ ಮೈಮೇಲೆ ಇರುವೆ ಹರಿದಂತಾಗುತ್ತದೆ ಎನ್ನುತ್ತಿದ್ದರು. ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ, ಮುಗಿದದ್ದನ್ನು ತುಂಬಿಸಿಡುತ್ತಾರೆ, ಅಷ್ಟೇ. ಬೀದಿಯವರಿಗೆ ಅವರು ದೊಡ್ಡ ಮೇಸ್ತ್ರಿ. ಅದೇ ಕಸುಬು ಹಿಡಿದ ಅವರ ಮಗ ಲಿಫ್ಟಣ್ಣ. ಇಂಥ ಮಾವ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಬಟ್ಟೆ ಹೊಲಿಸಲು ಬಂದ ಹೆಂಗಸರು ಹೇಳಿದರೆ ಸೊಸೆ ಅಲ್ಲಗಳೆಯುತ್ತಿರಲಿಲ್ಲ.

ಮಗನ ಟೂಲ್ ಬಾಕ್ಸಿಗೂ ಇದೇ ಉಪಚಾರ. ಸಂಜೆ ಅವನು ಅದನ್ನು ಬಾಗಿಲ ಪಕ್ಕ ಇಳಿಸಿ ಸ್ನಾನಕ್ಕೆ ಹೋದರೆ ಮಾವ ಹತ್ತಿರ ಎಳೆದುಕೊಂಡು ಇಕ್ಕಳಕ್ಕೆ ಎಣ್ಣೆ ಬಿಡುತ್ತಿದ್ದರು, ಮುಗಿದ ಟೇಪಿನ ಜಾಗದಲ್ಲಿ ಹೊಸ ಟೇಪು ಇಡುತ್ತಿದ್ದರು. ಆ ಬಾಕ್ಸಿನ ಮುಚ್ಚಳದಲ್ಲಿ ಮೂರು ವೈರುಗಳಿದ್ದವು. ಗೇಣುದ್ದದ ವೈರು, ಎರಡೂ ತುದಿಗೆ ಕಚ್ಚುವ ಕ್ಲಿಪ್ಪು. ಕಸುಬಿನವರು ಅದನ್ನು ಜಂಪರ್ ಎನ್ನುತ್ತಾರೆ. ಯಾವ ಮಹಡಿಯ ಬಾಗಿಲು ತೆರೆದಿದ್ದರೂ ಲಿಫ್ಟು ಓಡಬಾರದು, ಆದರೆ ರಿಪೇರಿಯ ಹೊತ್ತಿನಲ್ಲಿ ಓಡಿಸಿ ನೋಡಲೇಬೇಕು. ಆಗ ಮೇಲಿನ ಮಷೀನ್ ರೂಮಿನಲ್ಲಿ ಈ ವೈರು ಕಚ್ಚಿಸಿದರೆ ಬಾಗಿಲೆಲ್ಲ ಮುಚ್ಚಿದೆಯೆಂದು ಲಿಫ್ಟು ನಂಬಿಬಿಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚಲು ಮರೆತರೆ ಸಾವಿಗೆ ಬಾಗಿಲು ತೆರೆದಿಟ್ಟ ಹಾಗೆ. ಅದಕ್ಕೇ ಮೂರೇ ವೈರು, ಮೂರಕ್ಕೂ ಕಣ್ಣಿಗೆ ಹೊಡೆಯುವ ಕೆಂಪು ನೂಲು. ನೂಲು ಸುತ್ತಿಕೊಟ್ಟವಳು ಸೊಸೆ. ಗಂಡ ದಿನವೂ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಮುಚ್ಚಳ ತೆಗೆದು ಎಣಿಸುತ್ತಿದ್ದ. ಮೂರಿದ್ದರೆ ಹಿಂದಿನ ಕೆಲಸ ಶುದ್ಧ. ಅವನಪ್ಪ ಕಲಿಸಿದ ಪದ್ಧತಿ ಅದು.

ಆ ಬೆಳಿಗ್ಗೆ ಮನೆ ಎದ್ದದ್ದೇ ಮಗಳ ಜಗಳದಿಂದ. ಹತ್ತನೇ ತರಗತಿಯ ಹುಡುಗಿ. ಚಿಕ್ಕಂದಿನಿಂದ ಎಲ್ಲರ ವ್ಯಾಜ್ಯಕ್ಕೂ ತೀರ್ಪು ಕೊಡುತ್ತಾಳೆಂದು ತಾತ ಅವಳಿಗೆ ಜಡ್ಜಮ್ಮ ಎಂದು ಹೆಸರಿಟ್ಟಿದ್ದರು. ಶಾಲೆಯ ಕಸೂತಿಗೆಂದು ತಂದ ಕೆಂಪು ರೇಷ್ಮೆ ನೂಲನ್ನು ಯಾರೋ ಕತ್ತರಿಸಿಕೊಂಡಿದ್ದಾರೆ ಎಂಬುದು ಅವಳ ದೂರು.

"ನನ್ನ ಹತ್ರ ಕೆಂಪು ನೂಲು ಮುಗಿದು ತಿಂಗಳಾಯ್ತು, ಆ ಬಣ್ಣ ಸದ್ಯ ಬೇಡ ಅಂತ ನಾನೇ ತರಿಸ್ಲಿಲ್ಲ, ನಿಜ. ಹಾಗಂತ ನಿನ್ನ ಬ್ಯಾಗಿಗೆ ಕೈ ಹಾಕ್ತೀನಾ?" ಎಂದಳು ತಾಯಿ.

"ಮತ್ತೆ ನೂಲಿಗೇನು ಕಾಲು ಬಂತಾ?"

ಮಾವ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ, ಎರಡು ಮೊಳ ನೂಲಿಗೆ ಮನೆಯನ್ನೇ ಕೋರ್ಟು ಮಾಡಬೇಡ, ಸಂಜೆ ಹೊಸದು ತಂದಿಡುತ್ತೇನೆ ಎಂದರು. ಅವರು ಹಾಗೆನ್ನುವುದು ಹೊಸದಲ್ಲವಾದ್ದರಿಂದ ಮಾತು ಅಲ್ಲಿಗೆ ನಿಂತಿತು.

ಫೋನು ಬಂದದ್ದು ಆಗ. ಹಿಂದಿನ ಸಂಜೆ ಗಂಡ ರಿಪೇರಿ ಮಾಡಿ ಬಂದಿದ್ದ ನಾಲ್ಕು ಮಹಡಿಯ ಕಟ್ಟಡದಿಂದ, ಅಲ್ಲಿ ನೀರಿನ ಪಂಪು ನೋಡಿಕೊಳ್ಳುವವನು ಮಾಡಿದ್ದ. ಮೂರನೇ ಮಹಡಿಯ ಲಿಫ್ಟ್ ಬಾಗಿಲು ಸರಿಯಾಗಿ ಕಚ್ಚಿಕೊಳ್ಳುತ್ತಿಲ್ಲ, ಆದರೂ ಲಿಫ್ಟು ಓಡಾಡುತ್ತಿದೆ ಎಂದ. ಗಂಡ ಬಾಯಲ್ಲಿದ್ದ ತುತ್ತನ್ನು ಹಾಗೇ ಇಟ್ಟುಕೊಂಡು ಎದ್ದು ಬಾಕ್ಸಿನ ಮುಚ್ಚಳ ತೆಗೆದ. ಎಲ್ಲರ ಕಣ್ಣೆದುರೇ ಬೆರಳಿಟ್ಟು ಎಣಿಸಿದ. ಮೂರಿತ್ತು. ಅವನ ಮುಖ ಸಡಿಲವಾಯಿತು.

"ನನ್ನ ವೈರು ಅಲ್ಲಿ ಉಳಿದಿಲ್ಲ. ಚಿಲಕದ ಸ್ಪ್ರಿಂಗ್ ಹೋಗಿರಬೇಕು. ಆ ಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಡಪ್ಪ, ಹತ್ತು ಗಂಟೆಗೆ ಬರ್ತೀನಿ," ಎಂದು ಹೇಳಿ ಕೂತು ಬ್ರೆಡ್ಡು ಮುಗಿಸಿದ.

ಪಂಪಿನವನು ಕುರ್ಚಿ ಇಟ್ಟ. ನೆಲ ಒರೆಸುವಾಗ ಯಾರೋ ಅದನ್ನು ಪಕ್ಕಕ್ಕೆ ಸರಿಸಿದರು. ಒಂಬತ್ತೂವರೆಗೆ ಆ ಮಹಡಿಯಲ್ಲಿ ಮನೆಯಿದ್ದ ಕನ್ನಡಕದ ಅಂಗಡಿಯವರು ಅಂಗಡಿ ತೆರೆಯಲು ಹೊರಟು, ಬಾಗಿಲೆಳೆದು, ಲಿಫ್ಟು ಇದೆಯೆಂದುಕೊಂಡು ಕಾಲಿಟ್ಟರು. ಲಿಫ್ಟು ಕೆಳಗಿತ್ತು.

ಮಷೀನ್ ರೂಮಿನಲ್ಲಿ ಕೆಂಪು ನೂಲಿನ ವೈರೊಂದು ಕಚ್ಚಿಕೊಂಡೇ ಇತ್ತು. ಹತ್ತು ಗಂಟೆಗೆ ಹೇಳಿದ ಮಾತಿನಂತೆ ಅಲ್ಲಿಗೆ ಹೋದ ಗಂಡನನ್ನು ಪೊಲೀಸರು ಬಾಕ್ಸಿನ ಸಮೇತ ಕರೆದುಕೊಂಡು ಹೋದರು. ಬಾಕ್ಸಿನಲ್ಲಿ ಮೂರು ವೈರುಗಳಿದ್ದವು ಎಂದು ಅವರೇ ಬರೆದುಕೊಂಡರು. ಆರೋಪ ನರಹತ್ಯೆ.

ಒಂಬತ್ತನೇ ದಿನ ಜಾಮೀನು ಸಿಕ್ಕಿತು. ಅಷ್ಟು ದಿನಕ್ಕೇ ಗಂಡನ ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಲೈಸೆನ್ಸು ತಡೆಹಿಡಿದಿದ್ದರಿಂದ ಕೆಲಸವಿಲ್ಲ. ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ, ಸಿಪ್ಪೆಯ ಜೊತೆ ಅರ್ಧ ಗಡ್ಡೆಯೂ ಹೋಗುತ್ತಿತ್ತು. ಸೊಸೆ ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಏನು ಬಂದರೂ ಇಲ್ಲವೆನ್ನದೆ ಹೊಲಿದಳು. ಮೆಟ್ಟಿಲ ಮೇಲೆ ಸಿಕ್ಕವರು ಮೊದಲಿನಂತೆ ಲಿಫ್ಟಣ್ಣ ಎಂದು ಕರೆಯಲು ಹೋಗಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ವಕೀಲಮ್ಮನ ಕಚೇರಿ ಒಂದು ಪ್ರೆಸ್ಸಿನ ಮೇಲಿತ್ತು. ಕೆಳಗೆ ಮಷೀನು ಓಡಿದರೆ ಮೇಲೆ ಮೇಜು ನಡುಗುತ್ತಿತ್ತು. ಐವತ್ತು ದಾಟಿದ ಹೆಂಗಸು, ಗಂಟಲಿಗೆ ಸದಾ ಒಂದು ಪೆಪ್ಪರ್‌ಮಿಂಟು, ಮಾತು ಕತ್ತರಿ ಆಡಿಸಿದ ಹಾಗೆ. ಮರೆತು ಬಿಟ್ಟದ್ದಾದರೆ ನಿರ್ಲಕ್ಷ್ಯ, ಗೊತ್ತಿದ್ದೂ ಬಿಟ್ಟದ್ದಾದರೆ ನರಹತ್ಯೆ, ಶಿಕ್ಷೆಯಲ್ಲಿ ಆಕಾಶ ಭೂಮಿಯಷ್ಟು ಅಂತರ ಎಂದು ಮೊದಲ ದಿನವೇ ತಿಳಿಸಿ ಹೇಳಿದರು. ಬಾಗಿಲು ತೆರೆದೂ ಲಿಫ್ಟು ಓಡುತ್ತಿದೆ ಎಂದು ಫೋನು ಬಂದ ಕೂಡಲೇ ಯಾವ ಮೆಕ್ಯಾನಿಕ್ಕಿಗೂ ವೈರು ಉಳಿದಿದೆಯೆಂದು ಹೊಳೆಯಬೇಕು, ಆದರೂ ಮೇನ್ ಸ್ವಿಚ್ ಆಫ್ ಮಾಡಿಸದೆ ಹತ್ತು ಗಂಟೆಗೆ ಬರುತ್ತೇನೆ ಎಂದ, ಆದ್ದರಿಂದ ಗೊತ್ತಿದ್ದೇ ಬಿಟ್ಟ ಎಂಬುದು ಪೊಲೀಸರ ವಾದ.

"ಹೊಳೀತು ಮೇಡಂ. ಅದಕ್ಕೇ ಎಣಿಸಿದೆ. ಮೂರೂ ಇತ್ತು," ಎಂದ ಗಂಡ. ದಿನಕ್ಕೆ ಹತ್ತು ಸಲ ಅವನು ಹೇಳುತ್ತಿದ್ದುದು ಇದೊಂದೇ.

ತೀರಿಕೊಂಡವರು ಕಾಲಿಡುವಾಗ ಫೋನು ನೋಡುತ್ತಿದ್ದರಂತೆ, ಅದನ್ನೂ ಎತ್ತಬಹುದು ಎಂದರು ವಕೀಲಮ್ಮ. ಗಂಡ ಅಡ್ಡಡ್ಡ ತಲೆಯಾಡಿಸಿದ. ನನ್ನ ಮಗಳ ಕನ್ನಡಕ ಮಾಡಿಕೊಟ್ಟವರು ಅವರು, ಅವರ ತಪ್ಪು ಹುಡುಕುವುದು ಬೇಡ ಎಂದ. ವಕೀಲಮ್ಮ ಹಾಳೆ ಮಗುಚಿದರು.

"ಸರಿ. ಇಂಥ ವೈರು ಒಟ್ಟು ಎಷ್ಟು ಮಾಡಿದ್ರಿ?"

"ಮೂರೇ. ನೂಲು ಸುತ್ತಿದ್ದು ನಾನು," ಎಂದಳು ಸೊಸೆ.

"ಬಾಕ್ಸಲ್ಲಿ ಮೂರು ಇತ್ತು. ಹಾಗಾದ್ರೆ ಮೇಲೆ ಸಿಕ್ಕಿದ್ದು ನಾಲ್ಕನೇದು, ನಿಮ್ಮದಲ್ಲ. ಮಷೀನ್ ರೂಮಿನ ಕೀಲಿ ಇನ್ನೊಬ್ಬರ ಹತ್ರ ಇತ್ತಲ್ಲ, ಆ ಪಂಪಿನವನ ಹತ್ರ. ನಿಮ್ಮದನ್ನು ನೋಡಿ ತಾನೂ ಒಂದು ಮಾಡ್ಕೊಂಡಿದ್ರೆ? ಇದನ್ನ ನೀವು ಕೋರ್ಟಲ್ಲಿ ಹೇಳ್ಬೇಕಮ್ಮ, ಮೂರೇ ಅಂತ. ಅಷ್ಟು ಸಾಕು."

ಅಂದು ಸಂಜೆ ಗಂಡ ಎರಡನೇ ಸಲ ಅನ್ನ ಹಾಕಿಸಿಕೊಂಡ. ಮಗಳು ಅಪ್ಪನ ತಟ್ಟೆಯಿಂದ ಮೊಟ್ಟೆಯ ಅರ್ಧ ಕದ್ದಳು, ಅವನು ನಕ್ಕ. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ. ಮಾವ ಮಾತ್ರ ಎರಡು ತುತ್ತು ತಿಂದು ಎದ್ದರು. ವಯಸ್ಸಾದವರಿಗೆ ಜೀರ್ಣವಾಗುವುದು ನಿಧಾನ ಎಂದರು.

ಮಾವ ಈಚೆಗೆ ಹಾಗೇ ಇದ್ದರು. ಮಗನ ಎದುರಿಗೆ ನಿಲ್ಲುತ್ತಿರಲಿಲ್ಲ. ಮಗನಿಗೆ ಅದು ಬೇರೆ ರೀತಿ ಅರ್ಥವಾಗಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟ:

"ನೀನೂ ನನ್ನನ್ನ ನಂಬಲ್ವಾ ಅಪ್ಪ? ನಾನು ವೈರು ಮರೆಯೋ ಮೆಕ್ಯಾನಿಕ್ಕಾ?"

"ನಂಬಲ್ಲ ಅಂತ ಯಾರೋ ಹೇಳಿದ್ದು?"

"ಮುಖ ತಪ್ಪಿಸ್ಕೊಂಡು ಓಡಾಡ್ತೀಯಲ್ಲ, ಅದೇ ಹೇಳುತ್ತೆ."

ಮಾವ ಚೀಲ ಹಿಡಿದು ಅಂಗಡಿಗೆ ಹೊರಟುಹೋದರು. ಚಹಾಪುಡಿ ಡಬ್ಬಿ ತುಂಬಿತ್ತು, ಅದರ ಪಕ್ಕದಲ್ಲಿ ಇನ್ನೆರಡು ಪೊಟ್ಟಣಗಳಿದ್ದವು. ಆದರೂ ಇನ್ನೊಂದು ತಂದರು.

ಮುಂದಿನ ವಾರ ವಕೀಲಮ್ಮ ಸೊಸೆಯೊಬ್ಬಳನ್ನೇ ಕರೆಸಿದರು. ಕೋರ್ಟಿನಲ್ಲಿ ತಡವರಿಸಬಾರದೆಂದು ಪೊಲೀಸರ ಫೋಟೋಗಳನ್ನು ಮುಂದಿಟ್ಟು ನೋಡಿಕೊಳ್ಳಿ ಎಂದರು. ಒಂದರಲ್ಲಿ ಬಾಕ್ಸಿನ ಮೂರು ವೈರುಗಳು, ಇನ್ನೊಂದರಲ್ಲಿ ಮಷೀನ್ ರೂಮಿನದು. ದೊಡ್ಡದಾಗಿ, ಒಂದೊಂದು ಎಳೆಯೂ ಕಾಣುವಂತೆ ತೆಗೆದಿದ್ದರು. ತನ್ನ ಕೈಕೆಲಸ ತನಗೆ ಗೊತ್ತಾಗದೆ ಇರುತ್ತದೆಯೇ? ಅವಳು ಸುತ್ತಿದ್ದು ಹೊಲಿಗೆಯ ಹತ್ತಿ ನೂಲು. ಕೊನೆಯಲ್ಲಿ ಸೂಜಿಯಿಂದ ಎರಡು ಹಿಂಹೊಲಿಗೆ ಹಾಕಿ ಕತ್ತರಿಸಿದ್ದಳು, ನೂಲು ಬಿಚ್ಚದಿರಲೆಂದು. ಮಷೀನ್ ರೂಮಿನ ವೈರಿನ ಮೇಲೆ ಆ ಎರಡು ಹೊಲಿಗೆ ಇದ್ದವು. ಬಾಕ್ಸಿನ ಮೂರರಲ್ಲಿ ಎರಡರ ಮೇಲಿದ್ದವು. ಮೂರನೆಯದರ ನೂಲಿಗೆ ರೇಷ್ಮೆಯ ಹೊಳಪಿತ್ತು. ತುದಿಯಲ್ಲಿ ಹೊಲಿಗೆಯಿರಲಿಲ್ಲ, ವೈರು ಹೊಸೆಯುವವರು ಹಾಕುವ ಬಿಗಿ ಗಂಟಿತ್ತು.

ಅವಳ ಬೆರಳು ಆ ಗಂಟಿನ ಮೇಲೆಯೇ ನಿಂತಿತು. ಮಗಳ ರೇಷ್ಮೆ ನೂಲು. ಆ ಬೆಳಗಿನ ಜಗಳ. ಜಗಳ ಮುಗಿದ ಮೇಲೆ ಫೋನು, ಫೋನಿನ ಮೇಲೆ ಎಣಿಕೆ. ಹಾಗಾದರೆ ಆ ವೈರು ಹಿಂದಿನ ಸಂಜೆಯೇ ಬಾಕ್ಸಿಗೆ ಬಂದಿತ್ತು. ಕೆಳಗೆ ಪ್ರೆಸ್ಸು ಓಡತೊಡಗಿ ಮೇಜಿನ ಮೇಲಿನ ಫೋಟೋಗಳು ಒಂದೇ ಸಮ ಅದುರಿದವು.

"ಏನಮ್ಮ, ನೀರು ಬೇಕಾ?" ಎಂದರು ವಕೀಲಮ್ಮ.

ಬೇಡ, ಸೆಕೆ ಅಷ್ಟೇ ಎಂದು ಹೇಳಿ ಅವಳು ಹೊರಬಿದ್ದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಇದು ತನ್ನೊಬ್ಬಳ ಕಣ್ಣಿಗೆ ಮಾತ್ರ ಕಾಣುವ ವಿಷಯ. ಪೊಲೀಸರಿಗೆ ಕೆಂಪು ಎಂದರೆ ಕೆಂಪು. ತಾನು ಬಾಯಿಗೆ ಬೀಗ ಹಾಕಿಕೊಂಡರೆ ಗಂಡ ಮನೆಯಲ್ಲೇ ಉಳಿಯುತ್ತಾನೆ. ಮೂರೇ ಸುತ್ತಿದೆ ಎನ್ನುವುದರಲ್ಲಿ ಸುಳ್ಳೂ ಇಲ್ಲ.

ಮನೆಯಲ್ಲಿ ಪಂಪಿನವನ ಹೆಂಡತಿ ಕಾದು ಕೂತಿದ್ದಳು. ಮಗುವಿನ ಶಾಲೆಯ ಅಂಗಿಯ ತೋಳು ಬಿಚ್ಚಿ ಉದ್ದ ಮಾಡಬೇಕಿತ್ತು. ಪೊಲೀಸರು ತನ್ನ ಗಂಡನನ್ನು ದಿನಬಿಟ್ಟು ದಿನ ಕರೆಯುತ್ತಿದ್ದಾರೆ, ಕೀಲಿ ನಿನ್ನ ಹತ್ತಿರ ಯಾಕಿತ್ತು ಎಂದು ಕೇಳುತ್ತಿದ್ದಾರೆ ಎಂದು ಹೇಳಿಕೊಂಡಳು. ಸೊಸೆ ಹೊಲಿಗೆ ಬಿಚ್ಚುತ್ತ ತಲೆಯೆತ್ತಲಿಲ್ಲ.

"ಮನೇಲಿ ಬಲ್ಬು ಹೋದ್ರೆ ನಾನೇ ಹಾಕೋದು ಅಕ್ಕ. ನಮ್ಮನೆಯವರಿಗೆ ಕರೆಂಟು ಅಂದ್ರೆ ಅಷ್ಟು ಭಯ. ನಿಮ್ಮನೆಯವರಿಗೆ ಬೆಳಿಗ್ಗೇನೇ ಫೋನು ಮಾಡಿದ್ದು ಅದಕ್ಕೇ. ಅವರು ಬಂದು ನೋಡ್ಲಿ ಅಂತ."

ಅಂಗಿಯ ಕೂಲಿಯೆಂದು ಅವಳು ಚಾಚಿದ ಕೈಯನ್ನು ಸೊಸೆ ಹಿಂದಕ್ಕೆ ತಳ್ಳಿದಳು. ಅವಳು ಹೋದ ಮೇಲೆ ಯಂತ್ರದ ಮುಂದೆ ಕೂತಳು. ಕಪ್ಪು ಬಾಬಿನ್ನು ತುಂಬಿತ್ತು. ಬೆಳಿಗ್ಗೆ ಅದು ಬರಿದಾಗಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಾವನ ಬಳಿ ಹೋದಳು. ಅವರು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದರು.

"ಮಾವ, ಇದನ್ನ ತುಂಬಿಸಿದ್ದು ನೀವು ತಾನೇ?"

"ಹೂಂ ಕಣಮ್ಮ. ಖಾಲಿ ಆಗಿತ್ತು."

"ಆ ವೈರನ್ನೂ ಹಾಗೇ ತುಂಬಿಸಿದ್ರಾ?"

ಮಾವ ಮಡಿಸುತ್ತಿದ್ದ ಅಂಗಿ ಮಗನದು. ಅದರ ತೋಳನ್ನು ಹಿಡಿದು ಹಾಗೇ ನಿಂತರು. ಆಮೇಲೆ ಸ್ಟೂಲಿನ ಮೇಲೆ ಕೂತರು. ಹೇಳಿದ್ದು ಹೆಚ್ಚೇನಿಲ್ಲ. ಆ ಸಂಜೆ ಎಣ್ಣೆ ಬಿಡುವಾಗ ಮುಚ್ಚಳದಲ್ಲಿ ಎರಡೇ ಕಂಡವು. ಎಲ್ಲೋ ಕ್ಲಿಪ್ಪು ಮುರಿದು ಎಸೆದಿರಬೇಕು, ಸುಸ್ತಾಗಿ ಬಂದಿದ್ದಾನೆ, ಇದಕ್ಕೇಕೆ ಅವನ ತಲೆ ತಿನ್ನಬೇಕು ಅಂದುಕೊಂಡರು. ಹಳೆಯ ವೈರೊಂದಕ್ಕೆ ಕ್ಲಿಪ್ಪು ಹಾಕಿ, ಮೊಮ್ಮಗಳ ನೂಲು ಕತ್ತರಿಸಿ ಸುತ್ತಿ ಇಟ್ಟರು. ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಮಗ ಎಣಿಸುವಾಗ ತಾವು ಬ್ರೆಡ್ಡು ಅದ್ದುತ್ತ ಎದುರಿಗೇ ಕೂತಿದ್ದರು. ಆ ಕಡೆಯವನು ಫೋನಿನಲ್ಲಿ ಏನು ಹೇಳಿದನೆಂದು ಕೇಳಿಸಿರಲಿಲ್ಲ, ಮಗ ಸ್ಪ್ರಿಂಗ್ ಎಂದದ್ದಕ್ಕೆ ಅದೇ ಇರಬೇಕೆಂದುಕೊಂಡರು. ಸುದ್ದಿ ಬಂದ ಮೇಲೆ ಎಲ್ಲ ಅರ್ಥವಾಯಿತು.

"ಎರಡೇ ಇದೆಯಲ್ಲೋ ಅಂತ ಒಂದು ಮಾತು ಅಂದಿದ್ರೆ ಅವನು ಆ ಸಂಜೆನೇ ಓಡ್ತಿದ್ದ. ಆ ಮನುಷ್ಯ ಇವತ್ತು ಅಂಗಡಿ ಬಾಗಿಲು ತೆಗೀತಿದ್ದ," ಎಂದರು ಮಾವ. ಅವರ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಅವಳಿಗೆ ಸಿಟ್ಟು ಬಂತು, ಅಯ್ಯೋ ಅನಿಸಿತು, ಎರಡೂ ಒಟ್ಟಿಗೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಮೂರಿತ್ತು ಎನ್ನುವ ಒಂದು ಮಾತಿನ ಮೇಲೆ ಅವನು ನಿಂತಿದ್ದಾನೆ, ಅದನ್ನು ಹೇಗೆ ಕಿತ್ತುಕೊಳ್ಳಲಿ ಎಂದರು ಮಾವ.  ಪಂಪಿನವನ ಹೆಂಡತಿ ಬಂದಿದ್ದಳು ಎಂದಷ್ಟೇ ಸೊಸೆ ಹೇಳಿದಳು. ಇಲ್ಲಿಗೂ ಕೇಳಿಸಿತು ಎಂದರು ಅವರು.

ಊಟಕ್ಕೆ ಕೂತಾಗ ಮಾವ ತಟ್ಟೆ ಮುಟ್ಟಲಿಲ್ಲ.

"ಎರಡೇ ಇತ್ತು ಮಗಾ," ಎಂದರು.

ಗಂಡನಿಗೆ ಮೊದಲು ಅರ್ಥವಾಗಲಿಲ್ಲ. ಮಾವ ಎಲ್ಲ ಹೇಳಿ ಮುಗಿಸುವವರೆಗೂ ಅವನ ಕೈ ಅನ್ನದಲ್ಲೇ ಇತ್ತು. ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಪ್ಪನ ಮೇಲೆ ಅವನು ಕೂಗಾಡಿದ್ದರೆ ಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಕೂಗಾಡಲಿಲ್ಲ.

"ಹಾಗಾದ್ರೆ ನಾನೇ ಬಿಟ್ಟು ಬಂದಿದ್ದು," ಎಂದ. ಇನ್ನೊಂದು ಸಲ ಅದನ್ನೇ ಮೆಲ್ಲಗೆ ಹೇಳಿದ. ಆಮೇಲೆ ಅಪ್ಪನನ್ನು ನೋಡಿ ಕೇಳಿದ: "ಒಂದು ಮಾತು ಕೇಳಬಾರದಿತ್ತಾ?"

"ಯಾವತ್ತೂ ಕೇಳಿರಲಿಲ್ಲವಲ್ಲ," ಎಂದರು ಮಾವ.

ಗಂಡ ಕೈ ತೊಳೆದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟ. ಆದರೆ ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಂಗಿ ಹಾಕಿಕೊಂಡು, ಹೆಂಡತಿಯನ್ನು ಕರೆದುಕೊಂಡು ವಕೀಲಮ್ಮನ ಮೆಟ್ಟಿಲು ಹತ್ತಿದವನು ಅವನೇ. ಪಂಪಿನವನ ಹೆಸರು ಎಲ್ಲೂ ಬರಬಾರದು, ವೈರು ನನ್ನದೇ ಎಂದ.

ವಕೀಲಮ್ಮ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಪೂರ್ತಿ ಕೇಳಿದರು. ಕಷ್ಟಪಟ್ಟು ಕಟ್ಟಿದ ವಾದ ಮುರಿದುಬಿತ್ತಲ್ಲ ಎಂದು ಬೈಯುತ್ತಾರೇನೋ ಎಂದು ಸೊಸೆ ಹೆದರಿದ್ದಳು. ಅವರು ಬೈಯಲಿಲ್ಲ.

"ಪೂರ್ತಿ ಬಿಡುಗಡೆ ಅಂತ ಇನ್ನು ನಾನು ಹೇಳಲ್ಲ. ಮರೆತಿದ್ದೀರಿ, ಅದಕ್ಕೆ ಏನೋ ಒಂದು ಶಿಕ್ಷೆ ಆಗಬಹುದು. ಆದ್ರೆ ಗೊತ್ತಿದ್ದೂ ಬಿಟ್ಟಿಲ್ಲ, ಅದನ್ನ ತೋರಿಸೋದಕ್ಕೆ ಈಗ ದಾರಿ ಸಿಕ್ತು. ಎರಡು ಕಂಡಿದ್ರೆ ಏನು ಮಾಡ್ತಿದ್ರಿ?"

"ಮೇನ್ ಆಫ್ ಮಾಡಿಸಿ ಓಡ್ತಿದ್ದೆ."

"ಅದನ್ನೇ ಹೇಳೋಣ. ಆದ್ರೆ ನಿಮ್ಮ ತಂದೆ ಕೋರ್ಟಲ್ಲಿ ನಿಲ್ಲಬೇಕು. ಸರ್ಕಾರಿ ವಕೀಲರು ಅವರನ್ನ ಸುಮ್ನೆ ಬಿಡಲ್ಲ."

ಯಾವ ಆರೋಪದ ಮೇಲೆ ಕೇಸು ನಡೆಯಬೇಕೆಂದು ತೀರ್ಮಾನಿಸುವ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಂಡಿ ಹಿಡಿದು ಕಟಕಟೆ ಹತ್ತಿದರು. ಮೊದಲು ಸೊಸೆ ಫೋಟೋ ತೋರಿಸಿ ಯಾವ ನೂಲು ತನ್ನದು, ಯಾವುದು ಅಲ್ಲ ಎಂದು ಹೇಳಿದ್ದಳು. ಮಗಳ ನೂಲಿನ ಉಂಡೆಯನ್ನೂ ಕೊಟ್ಟಿದ್ದಳು. ಮುಂದಿನ ಬೆಂಚಿನಲ್ಲಿ ಕನ್ನಡಕದ ಅಂಗಡಿಯವರ ಹೆಂಡತಿ ಕೂತಿದ್ದರು. ಗಂಡ ಅವರ ಕಡೆ ನೋಡಲಾರದೆ ನೆಲ ನೋಡುತ್ತಿದ್ದ.

ಸರ್ಕಾರಿ ವಕೀಲರು ಚುರುಕು ಮನುಷ್ಯ. ಮುದುಕರ ನೆನಪಿನ ಬಗ್ಗೆ, ಮಗನ ಮೇಲಿನ ಪ್ರೀತಿಯ ಬಗ್ಗೆ ಸುತ್ತಿಬಳಸಿ ಕೇಳಿದರು. ಕೊನೆಗೆ ನೇರವಾಗಿ ಬಂದರು.

"ವಿಷಯ ಗೊತ್ತಾದ ಮೇಲೆ, ಮಗನನ್ನ ಉಳಿಸ್ಬೇಕು ಅಂತ ಆ ಮೂರನೇ ವೈರು ಇಟ್ರಿ. ಹೌದೋ ಅಲ್ವೋ?"

ಮಾವ ಕಟಕಟೆಯ ಮರವನ್ನು ಸವರಿದರು.

"ಉಳಿಸೋದಾಗಿದ್ರೆ ಎರಡೇ ಬಿಡಬೇಕಿತ್ತು ಸ್ವಾಮಿ. ಮೂರನೇದು ಇಟ್ಟಿದ್ದಕ್ಕೇ ಅವನು ಇಲ್ಲಿದ್ದಾನೆ. ಈ ತಾಯಿಯ ಗಂಡ ಇಲ್ಲ."

ಸರ್ಕಾರಿ ವಕೀಲರು ಕಾಗದ ಜೋಡಿಸಿಕೊಂಡು ಕೂತರು. ಮುಂದಿನ ಬೆಂಚಿನ ಹೆಂಗಸು ಮುಖ ಮುಚ್ಚಿಕೊಂಡು ಅತ್ತರು. ಆ ಅಳು ಕ್ಷಮೆಯೋ ಶಾಪವೋ ಸೊಸೆಗೆ ತಿಳಿಯಲಿಲ್ಲ. ಅವರಿಗೂ ತಿಳಿದಿತ್ತೋ ಇಲ್ಲವೋ.

ನಾಲ್ಕು ದಿನಕ್ಕೆ ಆದೇಶ ಬಂತು. ನರಹತ್ಯೆಯ ಆರೋಪ ನಿಲ್ಲುವುದಿಲ್ಲ, ನಿರ್ಲಕ್ಷ್ಯದ ಕೇಸು ನಡೆಯಬೇಕು. ಪಂಪಿನವನನ್ನು ಕರೆಯುವುದನ್ನು ಪೊಲೀಸರು ನಿಲ್ಲಿಸಿದರು. ಶಿಕ್ಷೆಯಾದರೂ ಒಂದೆರಡು ವರ್ಷದ ಮಾತು, ಅದೂ ಆಗದಂತೆ ನೋಡುತ್ತೇನೆ ಎಂದರು ವಕೀಲಮ್ಮ. ಸಂತೋಷಪಡಬೇಕೋ ಬೇಡವೋ ಗೊತ್ತಾಗದೆ ಮನೆಯವರು ಬಸ್ಸಿಳಿದು ಒಬ್ಬರ ಹಿಂದೊಬ್ಬರು ನಡೆದು ಬಂದರು.

ಅದಾಗಿ ಒಂದು ವಾರ. ಬೆಳಗಿನ ಹೊತ್ತು, ಗಂಡ ಆಲೂಗಡ್ಡೆ ಸುಲಿಯುತ್ತಿದ್ದ. ಈಗ ಸಿಪ್ಪೆ ತೆಳ್ಳಗೆ ಬರುತ್ತಿತ್ತು. ಸೊಸೆ ಚಹಾಕ್ಕೆ ನೀರಿಟ್ಟು ಡಬ್ಬಿ ತೆಗೆದವಳು ಬೆರಗಾದಳು. ತಳ ಕಾಣುತ್ತಿತ್ತು, ಪಕ್ಕದಲ್ಲಿ ಪೊಟ್ಟಣವಿರಲಿಲ್ಲ. ಯಂತ್ರದ ಬಾಬಿನ್ನೂ ನಿನ್ನೆ ಬಿಟ್ಟಂತೆಯೇ ಬರಿದಾಗಿತ್ತು. ಮಾವನಿಗೆ ಮೈ ಸರಿಯಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಅವರೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಬೆಂಕಿಪೊಟ್ಟಣವಿತ್ತು. ಶಾಲೆಯಲ್ಲಿ ಪಾಠ ಒಪ್ಪಿಸಲು ನಿಂತ ಮಗುವಿನಂತೆ ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಚಹಾಪುಡಿ ಮುಗೀತಾ ಬಂದಿದೆ. ಕಪ್ಪು ನೂಲು ಖಾಲಿ. ಇದರಲ್ಲಿ ನಾಲ್ಕೇ ಕಡ್ಡಿ ಇದೆ," ಎಂದರು. ಹೇಳಿದ್ದು ಯಾರಿಗೆಂದು ಅವರು ಹೇಳಲಿಲ್ಲ.

ಸೊಸೆ ಉತ್ತರ ಕೊಡಲು ಹೋಗಿ ತಡೆದುಕೊಂಡಳು. ಗಂಡನ ಕೈಯಲ್ಲಿ ಚಾಕು ನಿಂತಿತ್ತು. ಅವನು ಗಡ್ಡೆಯನ್ನು ಪಾತ್ರೆಗೆ ಹಾಕಿ, ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದ. ಗೂಟದಲ್ಲಿದ್ದ ಚೀಲ ತೆಗೆದುಕೊಂಡ.

"ಸರಿ ಅಪ್ಪ, ತರ್ತೀನಿ. ಇನ್ನೇನು ಕಡಿಮೆ ಇದೆ, ಹೇಳು," ಎಂದ.